ಎಣ್ಣೆ ಸೋರಿದ ದಿನಗಳು

ಎಣ್ಣೆ ಇದ್ದಲ್ಲಿ ಸೋರಿಕೆ ತಪ್ಪಿದ್ದಲ್ಲ. ರಾಣೇಬೆನ್ನೂರಿನಿಂದ ಐರಣಿ ಕಡೆ ಹೋಗುವ ದಾರಿಯ ಒಂದು ಎಣ್ಣೆ ಗೋದಾಮಿನಲ್ಲಿ ನಾನು ಸುಪರ್‌ವೈಸರ್. ಬಾಯ್ಲರ್ ಉರಿಸುವ ಕರಿ ಎಣ್ಣೆ. ನಗು ಬರುವಂಥದ್ದು ಏನಾದರೂ ನಡೆದರೆ ಅಲ್ಲಿ ಕೆಟ್ಟ ಗಳಿಗೆಯಲ್ಲೇ ನಡೆಯುತ್ತದೆ.

೧. ಬಾಗಿಲು

ಟಾಕಿ ಒಡೆದರೂ ಎಣ್ಣೆ ಹೊರಗೆ ಹೋಗಬಾರದೆಂದು ಸುತ್ತ ಮೊಣಕಾಲೆತ್ತರದ ಗೋಡೆ ಕಟ್ಟಿರುತ್ತಾರೆ. ಹೊಸ ಮ್ಯಾನೇಜರರಿಗೆ ಅದನ್ನು ದಾಟುವುದು ಬೇಸರ. ನಾನು ರಜೆಯಲ್ಲಿದ್ದಾಗ ಒಂದು ಕಡೆ ಒಡೆಸಿಬಿಟ್ಟರು. ಎಣ್ಣೆ ಇಲ್ಲಿಂದಲೇ ಹೋಗುತ್ತದಲ್ಲರಿ ಎಂದೆ. ಮರುದಿನವೇ ಕಟ್ಟಿಗೆಯ ಬಾಗಿಲು ಹಚ್ಚಿಸಿದರು.

"ಈಗೇನ್ ಅಂತೀರಿ? ಒಳಗಿಂದ ಚಿಲಕಾ ಐತಿ."

ಮತ್ತೆ ಇಟ್ಟಿಗೆ ಇಡಿಸಲು ನನಗೆ ಎರಡು ತಿಂಗಳು ಹಿಡಿಯಿತು.

೨. ತಾಕೀತು

ನಳದ ಕೆಳಗೆ ತೊಟ್ಟಿಕ್ಕುವ ಎಣ್ಣೆಗೆಂದು ಇಟ್ಟ ಟ್ರೇಯನ್ನು ಯಾರೋ ಒಯ್ದಿದ್ದರು. ನಮ್ಮ ಹಿರಿಯ ಹಮಾಲ ಅಲ್ಲಿ ಜಾರಿ ಬಿದ್ದ, ಕಾಲು ಮುರಿಯಿತು. ಹಾವೇರಿಯ ಆಸ್ಪತ್ರೆಗೆ ಒಯ್ಯುವಾಗ ಜೀಪಿನಲ್ಲಿ ಆತ ನನ್ನ ಕೈ ಬಿಡಲೇ ಇಲ್ಲ. ಮ್ಯಾನೇಜರರು ವರದಿ ಬರೆದರು. ಕಾರಣ: ಕಾಲು ಜಾರಿದ್ದು. ಪರಿಹಾರ: ಇನ್ನು ಮುಂದೆ ಜಾರಬಾರದೆಂದು ಕಾರ್ಮಿಕನಿಗೆ ತಾಕೀತು ಮಾಡಲಾಗಿದೆ.

ಅದನ್ನು ಆಸ್ಪತ್ರೆಯಲ್ಲಿ ಓದಿ ಹೇಳಿದೆ. ಆತ ಮೇಲೆ ತೂಗುಬಿಟ್ಟ ತನ್ನ ಕಾಲು ನೋಡಿಕೊಂಡ.

"ಒಪ್ಪೇನಿ ಅಂತ ಹೇಳ್ರಿ ಸಾಹೇಬ್ರಿಗೆ. ಆರು ವಾರ ಜಾರಂಗಿಲ್ಲ."

೩. ಕಣ್ಣೀರು

ಇದರ ತಪ್ಪು ನನ್ನದೇ. ಗೋಡೆಯೊಳಗೆ ನಿಂತ ಮಳೆನೀರು ಹೊರಬಿಡಲು ಒಂದು ವಾಲ್ವ್ ಇದೆ. ನೀರು ಬಿಟ್ಟ ಮೇಲೆ ಮುಚ್ಚಬೇಕು, ಮರೆತೆ. ಮರುದಿನ ಮುಂಜಾನೆ ಟಾಕಿಯ ಬುಡದ ಪೈಪು ಬಿರಿಯಿತು. ಗೋಡೆಯೊಳಗೇ ನಿಲ್ಲಬೇಕಾಗಿದ್ದ ಎಣ್ಣೆ ಆ ವಾಲ್ವಿನಿಂದ ಹಳ್ಳಕ್ಕೆ ಇಳಿಯಿತು. ಹಳ್ಳ ಮುಂದೆ ತುಂಗಭದ್ರೆಗೆ ಸೇರುತ್ತದೆ. ನಾನು ಓಡಿಹೋಗಿ ವಾಲ್ವ್ ತಿರುವುವಷ್ಟರಲ್ಲಿ ಹಳ್ಳದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಒಡ್ಡು ಹಾಕಲು ಚೀಲ ಬೇಕಿತ್ತು. ಪಕ್ಕದ ಗೋದಾಮಿನಲ್ಲಿ ಸಿಕ್ಕದ್ದು ಬ್ಯಾಡಗಿ ಮೆಣಸಿನಕಾಯಿಯ ಖಾಲಿ ಚೀಲ. ಮಣ್ಣು ತುಂಬತೊಡಗಿದ್ದೇ ತಡ, ಅಲ್ಲಿದ್ದ ನಾವು ಎಂಟೂ ಮಂದಿಗೆ ಕೆಮ್ಮು, ಸೀನು, ಧಾರಾಳ ಕಣ್ಣೀರು. ಆದರೂ ಒಡ್ಡು ನಿಂತಿತು. ಎಣ್ಣೆ ಹೊಳೆ ಮುಟ್ಟಲಿಲ್ಲ.

ಆ ಹಳ್ಳದಲ್ಲೇ ಎಮ್ಮೆಗೆ ನೀರು ಕುಡಿಸುತ್ತಿದ್ದ ಅಜ್ಜಿಯೊಬ್ಬಳು ಕೋಲು ಹಿಡಿದು ಬಯ್ಯಲು ಬಂದಳು. ನಮ್ಮ ಮುಖ ನೋಡಿ ಕೋಲು ಇಳಿಸಿದಳು.

"ಆಗಿದ್ದು ಆತು. ಹಿಂಗ ಅಳಬ್ಯಾಡ್ರೆಪಾ."

ಅದನ್ನು ಕೇಳಿ ನನಗೆ ಖರೇನೇ ಅಳು ಬಂತು.

ಅಷ್ಟರಲ್ಲಿ ಮ್ಯಾನೇಜರರು ಕಾರಿನಿಂದ ಇಳಿದು, ಚೀಲಗಳಿಂದ ದೂರವೇ ನಿಂತರು. ಅಜ್ಜಿ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇವನೊಬ್ಬಾಂವನ ಕಣ್ಣಾಗ ಒಂದ್ ಹನಿ ನೀರಿಲ್ಲ. ಇವನಽ ಮಾಡ್ಯಾನ ತಗೋ" ಎಂದು ಮತ್ತೆ ಕೋಲು ಎತ್ತಿದಳು.

ಅಲ್ಲಬೇ, ಮಾಡಿದವನು ನಾನು ಎನ್ನಲು ಬಾಯಿ ತೆರೆದೆ. ಸೀನು ಬಂತು.