ಗೋಲಿನ ಹಿಂದೆ ಒಂದು ಬಿಕ್ಕಳಿಕೆ

ಯಜಮಾನಿ ಕರೆಯುತ್ತಿದ್ದಾರೆಂದು ಗೋದಾಮಿನ ಗುಮಾಸ್ತ ಒಣ ಬ್ರೆಡ್ಡಿನ ತುಂಡನ್ನು ಅಗಿಯದೆ ನುಂಗಿದ್ದೇ ತಪ್ಪಾಯಿತು. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಬಿಕ್ಕಳಿಕೆ ಶುರು.

“ಕಣ್ಣು ಕಾಣದ ಮಕ್ಕಳ ಆಟದ ಶಿಬಿರಕ್ಕೆ ನಮ್ಮ ಷೂ ಕಂಪನಿಯದೇ ಖರ್ಚು, ಗೊತ್ತಲ್ಲ?” ಎಂದರು ಯಜಮಾನಿ. “ಇವತ್ತು ಕೊನೇ ಫುಟ್‌ಬಾಲ್ ಪಂದ್ಯ. ಎದುರಿಗೆ ಸೋಪಿನ ಕಂಪನಿಯವರ ಶಿಬಿರದ ಮಕ್ಕಳು. ಷೂಗಳನ್ನ ನೀವೇ ತಗೊಂಡು ಬನ್ನಿ. ಎಲ್ಲಾ ಸರಿಹೋದ್ರೆ ಮೇಲಿನ ಮಹಡೀಲಿ ಕಿಟಕಿ ಪಕ್ಕದ ಕುರ್ಚಿ ನಿಮ್ದು.”

ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ರಬ್ಬರಿನ ವಾಸನೆ ಕುಡಿದ ಜೀವ ಅದು. ಕಿಟಕಿ ಎಂದೊಡನೆ ಕಣ್ಣಲ್ಲಿ ನೀರೇ ಬಂತು. “ಆಗ್ಲಿ ಮೇಡಮ್... ಹಿಕ್!”

“ಏನ್ರೀ ಅದು? ಚೆಂಡಿನೊಳಗಿನ ಗೆಜ್ಜೆ ಸದ್ದು ಕೇಳಿಸ್ಕೊಂಡೇ ಆ ಮಕ್ಕಳು ಆಡೋದು. ಅಲ್ಲಿ ಯಾರೂ ಪಿಟ್ಟೆನ್ನೋ ಹಾಗಿಲ್ಲ. ಮೊದಲು ಅದನ್ನ ನಿಲ್ಸಿ!”

ಇಡೀ ಆಫೀಸು ವೈದ್ಯಕ್ಕೆ ನಿಂತಿತು. “ಯಾರೋ ನೆನೆಸ್ಕೊಳ್ತಿದ್ದಾರೆ ಕಣ್ರೀ” ಎಂದಳು ಟೈಪಿಸ್ಟಮ್ಮ. ಗುಮಾಸ್ತ ಹೆಂಡತಿಗೆ ಫೋನ್ ಮಾಡಿದ. “ನನಗೆ ಬೇರೆ ಕೆಲಸ ಇಲ್ವಾ?” ಎಂದು ಆಕೆ ಫೋನಿಟ್ಟಳು. ಲೆಕ್ಕಿಗ ಅವನನ್ನು ಬಗ್ಗಿಸಿ ತಲೆಕೆಳಗಾಗಿ ನೀರು ಕುಡಿಸಿದ. ಅದು ನೇರ ಮೂಗಿಗೆ ಹೋಯಿತು. ಕಾವಲುಗಾರ ಬಾಗಿಲ ಹಿಂದಿನಿಂದ “ಭೌ!” ಎಂದ. ಗುಮಾಸ್ತ ಹೆದರಲಿಲ್ಲ. ಟೈಪಿಸ್ಟಮ್ಮ ಹೆದರಿ ಬಿಸಿ ಟೀಯನ್ನೆಲ್ಲ ಅವನ ಅಂಗಿಗೆ ಅಭಿಷೇಕ ಮಾಡಿದಳು.

ಪಂದ್ಯ ನೋಡಲು ಆಫೀಸಿನವರೆಲ್ಲ ಮೈದಾನಕ್ಕೆ ಬಂದರು. ಗುಮಾಸ್ತ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೂತ. ರೆಫರಿ ಸೀಟಿ ಊದಿದ, ಎಲ್ಲರೂ ಗಪ್‌ಚುಪ್. “ಹಿಕ್!”

“ಯಾರದು ಕಪ್ಪೆ ತಂದಿರೋದು?” ಎಂದಳು ಷೂ ತಂಡದ ಮುಂಚೂಣಿ ಆಟಗಾರ್ತಿ, ಉದ್ದ ಜಡೆಯ ಹುಡುಗಿ. ಯಜಮಾನಿ ಕೆಕ್ಕರಿಸಿ ನೋಡಿದರು. ಗುಮಾಸ್ತ ನಾಚಿ ನೀರಾಗಿ, ದೂರದಲ್ಲಿ ಅಡಗೋಣವೆಂದು ಸೋಪಿನವರ ಗೋಲಿನ ಹಿಂದೆ ಹೋಗಿ ನಿಂತ.

ಅಲ್ಲಿ ಷೂ ತಂಡದ ತರಬೇತುದಾರ ನಿಂತಿದ್ದ. ಗೋಲು ಎಲ್ಲಿದೆಯೆಂದು ತನ್ನ ಮಕ್ಕಳಿಗೆ ಕೂಗಿ ಹೇಳುವುದು ಅವನ ಕೆಲಸ. ಶಿಬಿರವಿಡೀ ಕೂಗಿ ಕೂಗಿ ಗಂಟಲು ಕೆಟ್ಟು, ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಅಷ್ಟರಲ್ಲಿ “ಹಿಕ್!” ಜಡೆ ಹುಡುಗಿ ಸದ್ದಿನತ್ತ ತಿರುಗಿ ಒದ್ದಳು. ಗೋಲ್!

ಸೋಪಿನವರು ಗಲಾಟೆ ಎಬ್ಬಿಸಿದರು. ರೆಫರಿ ತಲೆ ಕೆರೆದುಕೊಂಡ. “ತರಬೇತುದಾರರು ಬಿಟ್ಟು ಬೇರೆಯವರು ಕೂಗಬಾರದು, ತಟ್ಟಬಾರದು, ನಿಜ. ಆದ್ರೆ ಬಿಕ್ಕಳಿಕೆಗೆ ನಿಯಮ ಇಲ್ಲ. ತಾನಾಗೇ ಬಂದ್ರೆ ಸರಿ. ಬೇಕಂತ ಮಾಡಿದ್ರೆ ಗೋಲು ಇಲ್ಲ.”

ಯಜಮಾನಿಯ ಮುಖ ಅರಳಿತು. “ಅಲ್ಲೇ ನಿಂತಿರಿ!”

ಸೋಪಿನವರೇನು ಕಡಿಮೆಯೇ? ಅವರೂ ಒಂದು ಹೊಡೆದರು. ಆಟ ಸಮಸಮ. ಕೊನೆಗೆ ಷೂ ತಂಡಕ್ಕೆ ಒಂದು ಪೆನಾಲ್ಟಿ ಸಿಕ್ಕಿತು. ಯಜಮಾನಿ ಓಡಿ ಬಂದು ಗುಮಾಸ್ತನ ಕಿವಿಯಲ್ಲಿ, “ಇದೊಂದು ಬಿದ್ರೆ ಕಿಟಕಿ ಕುರ್ಚಿ ಮಾತ್ರ ಅಲ್ಲ ರೀ, ವಿಭಾಗದ ಮುಖ್ಯಸ್ಥರೇ ನೀವು!” ಎಂದರು.

ಗುಮಾಸ್ತನ ಎದೆ ಉಬ್ಬಿತು. ಆ ಖುಷಿಗೆ ಬಿಕ್ಕಳಿಕೆ ಹೇಳದೆ ಕೇಳದೆ ನಿಂತುಹೋಯಿತು.

ಹುಡುಗಿ ಚೆಂಡಿನ ಮೇಲೆ ಕಾಲಿಟ್ಟು ಕಾದಳು. “ಕಪ್ಪೆ ಮಾವಾ, ಎಲ್ಲಿದೀರಾ? ನಿದ್ದೆ ಬಂತಾ?”

ಅಯ್ಯೋ, ಗುಮಾಸ್ತ ಹೊಟ್ಟೆ ಗುದ್ದಿಕೊಂಡ, ಗಾಳಿ ನುಂಗಿದ. ಬೆಳಿಗ್ಗೆ ನಿಲ್ಲಿಸಲು ಹೆಣಗಿದವರೆಲ್ಲ ಈಗ ತರಿಸಲು ಓಡಿಬಂದರು. ಲೆಕ್ಕಿಗ ಅವನ ಬಾಯಿಗೆ ಒಣ ಬ್ರೆಡ್ಡು ತುರುಕಿದ. ಟೈಪಿಸ್ಟಮ್ಮ ಅವನ ಹೆಂಡತಿಗೆ ಫೋನ್ ಮಾಡಿ, “ದಮ್ಮಯ್ಯ, ಒಂದ್ನಿಮಿಷ ಅವರನ್ನ ನೆನೆಸ್ಕೊಳ್ಳಿ!” ಎಂದು ಗೋಗರೆದಳು. ಏನೂ ಇಲ್ಲ. ರೆಫರಿ ಎಲ್ಲರನ್ನೂ ಅಟ್ಟಿ ಸೀಟಿಗೆ ಕೈಹಾಕಿದ.

ಯಜಮಾನಿಗೆ ರೇಗಿಹೋಯಿತು. “ನಿಮ್ಮ ಯೋಗ್ಯತೆಗೆ ಗೋದಾಮೇ ಸರಿ! ರಿಟೈರಾಗೋವರೆಗೂ ಅಲ್ಲೇ ಕೊಳೀರಿ!”

ರೆಫರಿ ಸೀಟಿ ಊದಿದ. ಗುಮಾಸ್ತನ ಎದೆ ಧಸಕ್ಕೆಂದಿತು.

“ಹಿಕ್!”

ಹುಡುಗಿ ಒದ್ದಳು. ಗೋಲ್‌ಕೀಪರ್ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ನುಗ್ಗಿತು. ಮೈದಾನವೆಲ್ಲ ಹೋ ಎಂದು ಕೂಗಿತು. ಮಕ್ಕಳು ಬಿಕ್ಕಳಿಕೆಯ ಜಾಡು ಹಿಡಿದು ಬಂದು ಗುಮಾಸ್ತನನ್ನು ತಬ್ಬಿಕೊಂಡರು. “ಸದ್ದು ಇವರದು. ಗೋಲು ಮಾತ್ರ ನಂದು, ನೆನಪಿರ್ಲಿ!” ಎಂದಳು ಜಡೆ ಹುಡುಗಿ.

ಯಜಮಾನಿ ಕಣ್ಣೊರೆಸಿಕೊಂಡರು. “ಮುಂದಿನ ವರ್ಷವೂ ಶಿಬಿರ ನಮ್ದೇ! ಇನ್ನೂ ಜಾಸ್ತಿ ಮಕ್ಕಳು ಬರ್ಲಿ!”

ಗುಮಾಸ್ತನಿಗೆ ಧೈರ್ಯ ಬಂತು. “ಮೇಡಮ್, ಹಾಗಾದ್ರೆ ನನ್ನ ಕುರ್ಚಿ... ಹಿಕ್!”

“ಕುರ್ಚಿನಾ?” ಯಜಮಾನಿ ಗಾಬರಿಯಾದರು. “ಖುಷಿಯಾದ್ರೆ ನಿಮ್ಮ ಬಿಕ್ಕಳಿಕೆ ನಿಂತ್ಹೋಗುತ್ತಲ್ರೀ! ಮುಂದಿನ ವರ್ಷದ ಪಂದ್ಯ ಮುಗಿಯೋವರೆಗೂ ನೀವು ಗೋದಾಮು ಬಿಟ್ಟು ಕದಲೋ ಹಾಗಿಲ್ಲ.”