ಸೋಮನಾಥ ಕರೆಂಟು ಬದಲಿಸಿದ್ದು

ಪಕ್ಕದ ಮನೆಯ ಜಲಜಾಕ್ಷಿ ಆಂಟಿ ಬಂದದ್ದು ಖಾಲಿ ಡಬ್ಬಿ ವಾಪಸು ಕೊಡುವುದಕ್ಕೆ. ಕೊಟ್ಟು ಸುಮ್ಮನೆ ಹೋಗಿದ್ದರೆ ಸೋಮನಾಥನ ಶನಿವಾರ ಶನಿವಾರದ ಹಾಗೆಯೇ ಕಳೆಯುತ್ತಿತ್ತು. ಆದರೆ ಆಂಟಿ ಬಾಗಿಲಲ್ಲೇ ನಿಂತು, ದುಪಟ್ಟಾದಿಂದ ಗಾಳಿ ಬೀಸಿಕೊಳ್ಳುತ್ತ, "ಎಂತ ಸೆಕೆ ಮಾರಾಯ್ರೆ! ಈ ಸರ್ತಿ ನಮ್ಮ ಕರೆಂಟ್ ಬಿಲ್ಲೇ ನೂರನಲವತ್ತು ಬಂತು" ಎಂದುಬಿಟ್ಟರು.

ಸೋಮನಾಥನ ಕಾಫಿ ಲೋಟ ತುಟಿಯ ಹತ್ತಿರ ನಿಂತುಹೋಯಿತು.

"ನೂರನಲವತ್ತು ಡಾಲರ್ರಾ ಆಂಟಿ?"

"ಮತ್ತೆ ರೂಪಾಯಿಯಾ?"

ಸೋಮನಾಥನ ಬಿಲ್ಲು ಮುನ್ನೂರ ತೊಂಬತ್ತು. ಮೀರಾ ಮೆಸಾ ಬಡಾವಣೆಯ ಆ ಸಾಲಿನಲ್ಲಿ ಎರಡೂ ಮನೆಗಳಿಗೆ ಒಂದೇ ನಕ್ಷೆ, ನಡುವೆ ಒಂದೇ ಗೋಡೆ. ಗೋಡೆಯ ಆ ಬದಿಗೆ ನೂರನಲವತ್ತು, ಈ ಬದಿಗೆ ಮುನ್ನೂರ ತೊಂಬತ್ತು! ಹಲ್ಲುಜ್ಜುವ ಪೇಸ್ಟನ್ನೂ ಮೂರು ಅಂಗಡಿಗಳ ಬೆಲೆ ನೋಡದೆ ಕೊಳ್ಳದ ಟೆಲಿಕಾಂ ಎಂಜಿನಿಯರನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

"ಅವರಿಬ್ಬರೇ ಇರೋದು ರೀ," ಎಂದಳು ಹೆಂಡತಿ ಮಂಜುಶ್ರೀ, ಅಡುಗೆಮನೆಯಿಂದಲೇ. "ನಾವು ಮೂರು ಜನ. ನಂದು ದಿನಾ ವರ್ಕ್ ಫ್ರಮ್ ಹೋಮ್ ಬೇರೆ."

"ಒಬ್ಬರು ಜಾಸ್ತಿ ಇದ್ರೆ ಇನ್ನೂರೈವತ್ತು ಡಾಲರ್ ಜಾಸ್ತಿನಾ? ಶ್ರೀಜಾ ಏನು ಕರೆಂಟ್ ಕುಡೀತಾಳಾ?"

"ಐ ಹರ್ಡ್ ದ್ಯಾಟ್!" ಎಂದಳು ಹನ್ನೊಂದರ ಮಗಳು ಶ್ರೀಜಾ, ಮಹಡಿಯಿಂದ. ಅವಳು ಕಂಪ್ಯೂಟರಿನ ಮುಂದೆ ಆನ್‌ಲೈನ್ ಚೆಸ್ ಪಂದ್ಯದಲ್ಲಿದ್ದಳು.

ಆಂಟಿ ಕಾರಣ ಹೇಳುವುದಕ್ಕೆ ಶುರುಮಾಡಿದ್ದರು. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಕರೆಂಟಿಗೆ ದರ ಜಾಸ್ತಿಯಂತೆ. ಆ ಹೊತ್ತಿನಲ್ಲಿ ಅವರ ಯಜಮಾನರು ಮನೆಯಲ್ಲಿ ಫ್ಯಾನೂ ಹಾಕಗೊಡುವುದಿಲ್ಲವಂತೆ. ಇಬ್ಬರೂ ಲೈಬ್ರರಿಯ ಏಸಿಯಲ್ಲಿ ಕೂತು ಕಣ್ಣುಮುಚ್ಚಿಕೊಂಡು ಪೇಪರ್ ಓದುತ್ತಾರಂತೆ. ಸೋಮನಾಥನಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ಅವನಾಗಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

ಅರ್ಧ ಗಂಟೆಯಲ್ಲಿ ಅವನ ಮುಖ ಹೊಸ ಬಲ್ಬಿನ ಹಾಗೆ ಬೆಳಗತೊಡಗಿತು. "ಮಂಜೂ! ಸಿಕ್ತು ಕಣೇ!" ಊರಿನ ಕಂಬ, ತಂತಿ, ಮೀಟರುಗಳೆಲ್ಲ ಹಳೆಯ ದೊಡ್ಡ ಕಂಪನಿಯವು, ಬಿಲ್ಲು ಬರುವುದೂ ಅದರ ಹೆಸರಿನಲ್ಲೇ. ಆದರೆ ಅದೇ ತಂತಿಯಲ್ಲಿ ಬರುವ ಕರೆಂಟನ್ನು ಬೇರೆಯವರಿಂದ ಕೊಳ್ಳಬಹುದು. ಕೋಸ್ಟ್‌ಲೈಟ್ ಎಂಬ ಹೊಸ ಸಂಸ್ಥೆಯ ದರ ಯೂನಿಟ್ಟಿಗೆ ಐದು ಸೆಂಟ್ ಕಡಿಮೆ!

"ಹಂಗಾದ್ರೆ ಬದಲಾಯಿಸಿಬಿಡಿ. ಈಗ ಆ ಕಡೆ ಸರೀರಿ, ನಂಗೆ ಸಾಸಿವೆ ಬೇಕು."

ಮಂಜುಶ್ರೀಗೆ ಅಂದು ಉಸಿರಾಡಲು ಹೊತ್ತಿರಲಿಲ್ಲ. ಕರ್ನಿ ಮೆಸಾದ ಸಭಾಂಗಣದಲ್ಲಿ ಒಂದು ಗಂಟೆಗೆ ಕನ್ನಡ ಸಂಘದ ಗಣೇಶನ ಹಬ್ಬದ ಊಟ. ನಲವತ್ತು ಜನರ ಬಿಸಿಬೇಳೆಬಾತ್ ಅವಳದ್ದು. ಮೂರು ತಿಂಗಳ ಹಿಂದೆ, ಗ್ಯಾಸ್ ದುಬಾರಿಯೆಂದು ಲೆಕ್ಕ ಹಾಕಿ, ಸೋಮನಾಥನೇ ಗ್ಯಾಸ್ ಒಲೆ ಕೀಳಿಸಿ ಕರೆಂಟಿನ ಒಲೆ ಕೂಡಿಸಿದ್ದ. ಅದರ ಮೇಲೆ ಎರಡು ದೊಡ್ಡ ಪಾತ್ರೆಗಳಲ್ಲಿ ಅಕ್ಕಿ ಬೇಳೆ ಕುದಿಯುತ್ತಿದ್ದವು.

ಆದರೆ ಎಂಜಿನಿಯರ್ ಅಷ್ಟು ಸುಲಭಕ್ಕೆ ಬದಲಾಯಿಸುತ್ತಾನೆಯೇ? ಕೋಸ್ಟ್‌ಲೈಟಿನಲ್ಲೇ ಮೂರು ಪ್ಲಾನುಗಳಿದ್ದವು. ಯಾವುದು ಲಾಭವೆಂದು ತಿಳಿಯಬೇಕಾದರೆ ಮನೆಯ ಯಾವ ಯಂತ್ರ ಎಷ್ಟು ಎಳೆಯುತ್ತದೆ ಎಂದು ಅಳೆಯಬೇಕು. ಸೋಮನಾಥ ನೋಟ್‌ಬುಕ್ ಹಿಡಿದು ಮನೆಯ ಪಕ್ಕದ ಮೀಟರಿನ ಮುಂದೆ ನಿಂತು, ಫೋನಿನಲ್ಲಿ ಆಜ್ಞೆ ಕೊಡತೊಡಗಿದ.

"ಮಂಜೂ, ವಾಷಿಂಗ್ ಮಷೀನ್ ಆನ್! ಮೈಕ್ರೋವೇವ್ ಆಫ್! ಶ್ರೀಜಾ ರೂಮಿನ ಲೈಟ್ ಆಫ್!"

"ರೀ, ನನ್ನ ಕೈಯಲ್ಲಿ ಸೌಟಿದೆ!"

ಗದ್ದಲಕ್ಕೆ ಆಂಟಿಯ ಯಜಮಾನರು ಮೋಹನದಾಸ ಅಂಕಲ್ ಬಂದರು. ಎದುರು ಮನೆಯಿಂದ ಧಾರವಾಡದ ಚೆನ್ನಮ್ಮನೂ ಬಂದಳು. ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಅರವತ್ತು ಜನರಿಗೆ ಮ್ಯಾನೇಜರ್ ಆಗಿದ್ದ ಅವಳಿಗೆ ಶನಿವಾರ ಆಳಲು ಯಾರೂ ಸಿಕ್ಕುತ್ತಿರಲಿಲ್ಲ.

"ಏನ್ ನಡಸೀರಿ ಸೋಮನಾಥ್? ಮೀಟರಿಗೆ ಪೂಜಿ ಮಾಡಾಕತ್ತೀರೇನು?"

ಸೋಮನಾಥ ವಿವರಿಸಿದ. ಚೆನ್ನಮ್ಮನ ಕಣ್ಣು ಅರಳಿತು. "ಐದು ಸೆಂಟ್ ಕಡಿಮಿ? ನಂದು ಎಲೆಕ್ಟ್ರಿಕ್ ಕಾರ್ ಅದಲ್ರಿ, ನನಗಂತೂ ಭಾಳ ಉಳೀತದ! ಆದ್ರ ಹಿಂಗೆ ಒಂದೊಂದ ನೋಡಿದ್ರ ಸಂಜಿ ಆಗ್ತದ. ಎಲ್ಲಾ ಒಮ್ಮೆ ಹಚ್ಚರಿ, ಆಮ್ಯಾಲೆ ಎಲ್ಲಾ ಒಮ್ಮೆ ಆರಸ್ರಿ."

"ಅದು ಸರಿ ಉಂಟು," ಎಂದರು ಅಂಕಲ್. "ಮೈನ್ ಸ್ವಿಚ್ಚೇ ತೆಗೀರಿ. ಆಗ ಗೊತ್ತಾಗ್ತದೆ ಕಳ್ಳ ಕರೆಂಟು ಎಲ್ಲಿಗೆ ಹೋಗ್ತದೆ ಅಂತ."

ಸೋಮನಾಥನಿಗೆ ಇಬ್ಬರ ಮಾತೂ ಸರಿಯೆನಿಸಿತು. ಏಸಿ, ಅವನ್, ಡ್ರೈಯರ್, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಹಾಕಿ ಬಂದ. ಮೀಟರಿನ ಅಂಕಿ ಹಬ್ಬದ ಪಟಾಕಿಯ ಹಾಗೆ ಓಡಿತು. ಅದನ್ನು ಬರೆದುಕೊಂಡು ಮೈನ್ ಸ್ವಿಚ್ಚಿಗೆ ಕೈ ಹಾಕಿ ಕೆಳಕ್ಕೆ ಎಳೆದ. ಅದು ಬಿಗಿಯಾಗಿತ್ತು. ಅಂಕಲ್ಲೂ ಕೈಜೋಡಿಸಿದರು. ಟಕ್ ಎಂದು ಸದ್ದಾಯಿತು. ಏಸಿ ನಿಂತಿತು, ಮಹಡಿಯ ಮೇಲೆ ಶ್ರೀಜಾ ಕಿರುಚಿದಳು, ಸ್ವಿಚ್ಚಿನ ಹಿಡಿ ಮುರಿದು ಸೋಮನಾಥನ ಕೈಗೆ ಬಂತು.

ಮೂವರೂ ಆ ಹಿಡಿಯನ್ನು ನೋಡುತ್ತ ನಿಂತರು.

"ಈಗ ಮೀಟರ್ ಓಡ್ತಾ ಇಲ್ಲ," ಎಂದರು ಅಂಕಲ್, ಸಮಾಧಾನವಾಗಿ. "ಅಂದ್ರೆ ಕಳ್ಳ ಕರೆಂಟ್ ಎಂತದೂ ಇಲ್ಲ."

ಮಂಜುಶ್ರೀ ಸೌಟಿನೊಡನೆಯೇ ಹೊರಗೆ ಬಂದಳು. ಹಿಂದೆ ಶ್ರೀಜಾ. "ಅಪ್ಪಾ, ಐ ವಾಸ್ ವಿನ್ನಿಂಗ್!"

"ಅಕ್ಕಿ ಅರ್ಧ ಬೆಂದಿದೆ," ಎಂದಳು ಮಂಜುಶ್ರೀ. ಜೋರು ಮಾಡಲಿಲ್ಲ, ಮೆಲ್ಲಗೆ ಹೇಳಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ಮೆಲುದನಿಗೆ ಸೋಮನಾಥ ಹೆದರಿದಷ್ಟು ಯಾವ ಕೂಗಿಗೂ ಹೆದರಿರಲಿಲ್ಲ. "ನಲವತ್ತು ಜನ ಕಾಯ್ತಾ ಇರ್ತಾರೆ. ಹನ್ನೊಂದು ಗಂಟೆ ಈಗ."

ಅಂಗಳ ದಾಟಿ ಮೆರವಣಿಗೆ ಹೊರಟಿತು. ಮುಂದೆ ಒಂದು ಪಾತ್ರೆ ಹೊತ್ತ ಸೋಮನಾಥ, ಹಿಂದೆ ಇನ್ನೊಂದು ಹೊತ್ತ ಅಂಕಲ್, ದಾರಿ ಬಿಡಿಸುತ್ತ ಚೆನ್ನಮ್ಮ. ಜಲಜಾಕ್ಷಿ ಆಂಟಿಯ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ನೀಲಿ ಉರಿ ಬಿಟ್ಟುಕೊಂಡು ಕಾಯುತ್ತಿತ್ತು.

"ನಾನು ಆಗಲೇ ಹೇಳಿದ್ದೆ, ಗ್ಯಾಸ್ ತೆಗೀಬೇಡಿ ಅಂತ," ಎಂದರು ಆಂಟಿ. "ಬದನೆಕಾಯಿ ಸುಡ್ಲಿಕ್ಕಾಗ್ತದಾ ಆ ಗಾಜಿನ ಮೇಲೆ?" ಹೇಳುತ್ತ ಹೇಳುತ್ತ ಸೌಟು ಅವರ ಕೈ ಸೇರಿತು. ರುಚಿ ನೋಡಿದರು, ಹುಬ್ಬು ಗಂಟಿಕ್ಕಿದರು, ಮಂಜುಶ್ರೀ ಬೇಡವೆನ್ನುವಷ್ಟರಲ್ಲಿ ಒಂದು ಹಿಡಿ ಬೆಲ್ಲ, ಎರಡು ಹಿಡಿ ಕಾಯಿತುರಿ ಬಿದ್ದಾಗಿತ್ತು.

ಎಲೆಕ್ಟ್ರೀಷಿಯನ್ ಮಧ್ಯಾಹ್ನ ಎರಡಕ್ಕೆ ಮುಂಚೆ ಬರಲಾರೆನೆಂದ. ಅವನಿಗಾಗಿ ಮನೆ ಕಾಯಬೇಕಾದ್ದರಿಂದ ಸೋಮನಾಥನಿಗೆ ಹಬ್ಬದ ಊಟ ತಪ್ಪಿತು. ಗ್ಯಾರೇಜಿನ ಬಾಗಿಲೂ ಕರೆಂಟಿನದೇ ಆಗಿ, ಕಾರು ಒಳಗೇ ಸೆರೆಯಾಗಿದ್ದರಿಂದ ಮಂಜುಶ್ರೀ, ಶ್ರೀಜಾ, ಬಿಸಿಬೇಳೆಬಾತ್ ಮೂವರೂ ಚೆನ್ನಮ್ಮನ ಕಾರಿನಲ್ಲಿ ಹೋದರು.

ಆದರೂ ಅವನ ಉತ್ಸಾಹ ಕುಗ್ಗಲಿಲ್ಲ. ಆಂಟಿಯ ಮನೆಯ ಊಟದ ಮೇಜಿನ ಮೇಲೆ, ಅವರ ವೈಫೈಯಲ್ಲಿ, ಅವರದೇ ಮಜ್ಜಿಗೆ ಕುಡಿಯುತ್ತ ದರಪಟ್ಟಿಗಳನ್ನು ಹೋಲಿಸಿದ. ಬೇಸಿಗೆಗೊಂದು, ಚಳಿಗಾಲಕ್ಕೊಂದು, ಸಂಜೆಗೊಂದು, ಹದಿನಾಲ್ಕು ಕಾಲಮ್ಮುಗಳು. ಹೇಗೆ ಕೂಡಿಸಿದರೂ ಕೋಸ್ಟ್‌ಲೈಟೇ ಅಗ್ಗ. ವರ್ಷಕ್ಕೆ ಐನೂರು ಡಾಲರ್ ಉಳಿತಾಯ!

ಎಲೆಕ್ಟ್ರೀಷಿಯನ್ ಬಂದು, ಸ್ವಿಚ್ಚು ಬದಲಿಸಿ, ಆ ಉಳಿತಾಯದಲ್ಲಿ ನಾನೂರನ್ನು ಎತ್ತಿಕೊಂಡು ಹೋದ.

ಮೂರೂವರೆಗೆ ಮಂಜುಶ್ರೀ, ಚೆನ್ನಮ್ಮ ಖಾಲಿ ಪಾತ್ರೆಗಳೊಂದಿಗೆ ಬಂದರು. ಬಾತ್ ಎಲ್ಲರಿಗೂ ಹಿಡಿಸಿ, ಚೆನ್ನಮ್ಮನ ಬಾಯಿಂದ ಆಂಟಿಯ ಹೆಸರು ಊರೆಲ್ಲ ಆಗಿತ್ತು. ಮಂಜುಶ್ರೀಯನ್ನು ಯಾರೂ ಕೇಳಿರಲಿಲ್ಲ. ಮಂಜುಶ್ರೀ ಬಾಯಿ ತೆರೆಯುವ ಮುಂಚೆಯೇ ಸೋಮನಾಥ ಕೂಗಿದ: "ಏನೂ ಹೇಳ್ಬೇಡ! ನಾಲ್ಕು ಗಂಟೆಯೊಳಗೆ ಅರ್ಜಿ ಕಳಿಸಿದ್ರೆ ಈ ತಿಂಗಳಿಂದಲೇ ಜಾರಿ!"

ಕೋಸ್ಟ್‌ಲೈಟಿನ ಪುಟದಲ್ಲಿ ತನ್ನ ಖಾತೆ ನಂಬರು ತುಂಬಿದ. ಪರದೆ ಕೇಳಿತು: ನಿಮ್ಮ ಕರೆಂಟ್ ಸರಬರಾಜುದಾರರನ್ನು ಬದಲಿಸಲು ಬಯಸುವಿರಾ? ಹೌದು! ಖಚಿತವೇ? ಹೌದು! ಷರತ್ತುಗಳನ್ನು ಓದಿರುವಿರಾ?

"ಓದಿದ್ದೀರಾ?" ಎಂದಳು ಮಂಜುಶ್ರೀ.

"ಬೆಳಿಗ್ಗೆಯಿಂದ ಇನ್ನೇನು ಮಾಡ್ತಿದ್ದೆ?" ಎಂದು ಒತ್ತಿದ. ಮೂರು ಐವತ್ತೆಂಟು. ಹಸಿರು ಗುರುತು ಮೂಡಿತು. ಸೋಮನಾಥ ಕುರ್ಚಿಯಿಂದ ಎಗರಿ, ನಲವತ್ತೈದರ ತನ್ನ ಮೊಣಕಾಲನ್ನು ಮರೆತು, ಕೂಡಲೇ ನೆನಪಿಸಿಕೊಂಡು ಕುಳಿತ.

"ನಮ್ಮದೂ ಮಾಡ್ಸಿ ಮಾರಾಯ್ರೆ," ಎಂದು ಅಂಕಲ್ ಮತ್ತು ಆಂಟಿ ತಮ್ಮ ಬಿಲ್ಲು ಹಿಡಿದು ಬಂದರು. ಚೆನ್ನಮ್ಮ ಮಾತ್ರ ತಡೆದಳು. "ತಡೀರಿ. ಮೊದಲ ಅವರಿಗೆ ಫೋನ್ ಹಚ್ಚಿ ಕೇಳ್ರಿ, ಖರೇನ ಆಗೇದೋ ಇಲ್ಲೋ ಅಂತ."

ಸೋಮನಾಥ ಹೆಮ್ಮೆಯಿಂದ ಕೋಸ್ಟ್‌ಲೈಟಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಆ ಕಡೆ ಜೇನಿನಂಥ ದನಿಯ ಹೆಂಗಸು. ಇಂಗ್ಲಿಷಿನಲ್ಲಿ ಖಾತೆ ನಂಬರು ಕೇಳಿ, ಟಕಟಕ ಒತ್ತಿ, ಅವಳು ಹೇಳಿದಳು: "ಹೌದು ಸರ್, ನಿಮ್ಮ ಬದಲಾವಣೆ ಪೂರ್ತಿಯಾಗಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು.

"ನೀವು ಹೋಗುತ್ತಿರುವುದು ನಮಗೆ ತುಂಬ ಬೇಸರದ ಸಂಗತಿ."

ಚಪ್ಪಾಳೆ ನಿಂತಿತು.

"ಹೋಗೋದು? ನಾನು ಬರ್ತಾ ಇದೀನಿ ಮೇಡಂ! ಇವತ್ತೇ ಸೇರಿದ್ದು!"

"ಇಲ್ಲ ಸರ್. ಎರಡು ವರ್ಷದ ಹಿಂದೆ ಈ ಊರಿನ ಎಲ್ಲ ಮನೆಗಳನ್ನೂ ತಾನಾಗಿಯೇ ನಮಗೆ ಸೇರಿಸಲಾಯಿತು. ನಿಮಗೆ ನಾಲ್ಕು ಪತ್ರ ಬರೆದಿದ್ದೆವು. ತಂತಿ ಹಳೆಯ ಕಂಪನಿಯದಾದ್ದರಿಂದ ಬಿಲ್ಲು ಅವರ ಹೆಸರಿನಲ್ಲಿ ಬರುತ್ತದೆ, ಅಷ್ಟೆ. ನಮ್ಮ ಹೆಸರು ನಾಲ್ಕನೇ ಪುಟದಲ್ಲಿರುತ್ತದೆ."

ಅಂಕಲ್ ಬಿಲ್ಲಿನ ಹಾಳೆ ತಿರುವಿದರು. "ಹೌದಲ್ಲ ಮಾರಾಯ್ರೆ! ಇಲ್ಲೇ ಉಂಟು. ಕೋಸ್ಟ್‌ಲೈಟ್!"

ಸೋಮನಾಥ ಆ ಹಾಳೆ ಕಿತ್ತುಕೊಂಡು ನೋಡಿದ. "ಹಾಗಾದ್ರೆ ನಾನು ಈಗ ಬದಲಾಯಿಸಿದ್ದು..."

"ನಮ್ಮನ್ನು ಬಿಟ್ಟು ಹಳೆಯ ಕಂಪನಿಗೆ, ಸರ್. ಅವರದು ಯೂನಿಟ್ಟಿಗೆ ಐದು ಸೆಂಟ್ ಜಾಸ್ತಿ."

"ಕ್ಯಾನ್ಸಲ್! ಕ್ಯಾನ್ಸಲ್ ಮಾಡಿ!"

"ಕ್ಷಮಿಸಿ, ಷರತ್ತಿನಲ್ಲಿ ಇದೆಯಲ್ಲ ಸರ್. ಒಮ್ಮೆ ಬಿಟ್ಟವರು ಒಂದು ವರ್ಷ ವಾಪಸು ಬರುವ ಹಾಗಿಲ್ಲ."

ಮಂಜುಶ್ರೀ ಗಂಡನನ್ನು ನೋಡಿದಳು. ಖಾಲಿ ಪಾತ್ರೆಯನ್ನು ಅವನ ಮುಂದೆ ಮೆಲ್ಲಗೆ, ಬಹಳ ಮೆಲ್ಲಗೆ ಇಟ್ಟಳು.

"ಮತ್ತ ನಮ್ಮದೇನ್ ಗತಿ?" ಚೆನ್ನಮ್ಮ ಫೋನಿಗೆ ಬಾಗಿ ಇಂಗ್ಲಿಷಿನಲ್ಲಿ ಕೇಳಿದಳು. ಅವರೆಲ್ಲರೂ ಮೊದಲಿನಿಂದಲೂ ಅಗ್ಗದ ದರದಲ್ಲೇ ಇದ್ದಾರೆ, ಏನೂ ಮಾಡಬೇಕಾಗಿಲ್ಲ ಎಂದು ಉತ್ತರ ಬಂತು. ಅಂಕಲ್ ತಮ್ಮ ಬಿಲ್ಲನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡರು. "ಸೋಮನಾಥರೇ, ನೀವು ಇಲ್ಲದಿದ್ರೆ ನಮಗೆ ಇದು ಗೊತ್ತೇ ಆಗ್ತಿರ್ಲಿಲ್ಲ!" ಎಂದರು ಆಂಟಿ, ಮನಸಾರೆ.

"ಫೋನ್ ಇಡುವ ಮುನ್ನ ಒಂದೇ ಪ್ರಶ್ನೆ ಸರ್," ಎಂದಿತು ಜೇನಿನ ದನಿ. "ನಮ್ಮನ್ನು ಬಿಟ್ಟುಹೋಗಲು ಕಾರಣವೇನು?"

ಸೋಮನಾಥ, ಪ್ರಾಮಾಣಿಕ ಮನುಷ್ಯನಾದ್ದರಿಂದ, ನಿಜವನ್ನೇ ಹೇಳಿದ.

"ನಿಮ್ಮ ಕರೆಂಟೇ ಎಲ್ಲರಿಗಿಂತ ಅಗ್ಗ ಅಂತ."

ಆ ಕಡೆ ಟಕಟಕ ಒತ್ತುವ ಸದ್ದು ಕೇಳಿಸಿತು.

"ಆ ಕಾರಣ ನನ್ನ ಪಟ್ಟಿಯಲ್ಲಿ ಇಲ್ಲ ಸರ್," ಎಂದಳು ಹೆಂಗಸು. "'ಇತರೆ' ಅಂತ ಹಾಕಿಕೊಳ್ಳಲೇ?"