ಪಿಕ್ಸೋರಾಮ ಒಂಬತ್ತನೆಯವರಿಗೆ, ಲಕ್ಷ್ಮಮ್ಮನವರ ಹಣೆಯ ವಿಚಾರವಾಗಿ

ಸಮಸ್ತ ಸ್ಟುಡಿಯೋ ಮಾಲೀಕರೇ, ಮದುವೆ ಮನೆಯಲ್ಲಿ ಎಲೆಯ ಮುಂದಿಂದ ಎದ್ದು ಕ್ಯಾಮೆರಾ ಹಿಡಿದು ಓಡಿದ ಮಹನೀಯರೇ, ಗ್ರೂಪ್ ಫೋಟೊದಲ್ಲಿ ತಾವೇ ಕಣ್ಣು ಮುಚ್ಚಿಕೊಂಡು ಆಮೇಲೆ ಫೋಟೊದವನನ್ನು ಬೈದ ಸಹೃದಯ ಬಂಧುಗಳೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸ್ವಲ್ಪ ಒತ್ತಿ ನಿಲ್ಲಿ. ಹಿಂದಿನ ಸಾಲಿನವರು ಗದ್ದ ಎತ್ತಿ. ತಮ್ಮೆಲ್ಲರ ಸಮಕ್ಷಮದಲ್ಲಿ, ಈ ಪತ್ರಿಕೆಯ ಮೂಲಕ, ಈ ಅಹವಾಲನ್ನು ಸಲ್ಲಿಸಲು ಅಪ್ಪಣೆ ಬೇಡುತ್ತೇನೆ.

ಮಾನ್ಯ ಶ್ರೀ ಪಿಕ್ಸೋರಾಮ ಒಂಬತ್ತನೆಯವರೇ,

ಸುದ್ದಗುಂಟೆಪಾಳ್ಯದ ಹೇಮಶ್ರೀ ಸ್ಟುಡಿಯೋದ ಮಾಲೀಕನೂ ಛಾಯಾಗ್ರಾಹಕನೂ ಕಸ ಗುಡಿಸುವವನೂ ಆದ ಶಿವರಾಮ್ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಸೌಖ್ಯ. ತಮ್ಮ ಕಡೆ ಸರ್ವರೂ ಸರ್ವರುಗಳೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ನಾಮಧೇಯವನ್ನು ಮೊದಲ ಸಲ ಕೇಳಿದಾಗ ನಮ್ಮ ಮನೆಯಾಕೆ ಸೌಮ್ಯ, "ಸೀತಾರಾಮ ಗೊತ್ತು, ಪಟ್ಟಾಭಿರಾಮ ಗೊತ್ತು, ಇವ್ನು ಯಾವ್ ಕಡೆ ರಾಮ ರೀ?" ಎಂದು ಕೇಳಿದ್ದಳು. ಫೋಟೊಗಳನ್ನು ತಿದ್ದಿ ತೀಡಿ ಜೋಡಿಸಿಡುವ ಕಂಪ್ಯೂಟರ್ ಪ್ರೋಗ್ರಾಮು ಎಂದು ಬಿಡಿಸಿ ಹೇಳಿದ ಮೇಲೂ ಆಕೆ ತಮ್ಮನ್ನು ಏಕವಚನದಲ್ಲಿ ಕರೆಯುವುದನ್ನು ಬಿಟ್ಟಿಲ್ಲ. ಅವಳ ಪರವಾಗಿ ಕ್ಷಮೆಯಿರಲಿ.

ತಮ್ಮ ಹಿರಿಯಣ್ಣನವರಾದ ಆರನೆಯ ಆವೃತ್ತಿಯವರು ನನ್ನ ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ಸೇವೆ ಸಲ್ಲಿಸಿದರು. ಆಮೆಯಂಥ ಆರು, ಅವರಂಥವರು ಯಾರು! ಒಂದು ಫೋಟೊ ತೆರೆಯುವಷ್ಟರಲ್ಲಿ ನಾನು ಮೂಲೆಯ ದರ್ಶಿನಿಗೆ ಹೋಗಿ ಬೈಟು ಕಾಫಿ ಮುಗಿಸಿ, ಆ ಬೈಟುವಿನ ಇನ್ನರ್ಧದವರ ಸಂಸಾರದ ಕಷ್ಟವನ್ನೂ ಕೇಳಿಕೊಂಡು ಬರಬಹುದಾಗಿತ್ತು. ಆದರೆ ಇಟ್ಟದ್ದನ್ನು ಇಟ್ಟಲ್ಲೇ ಇಡುವ ಸಭ್ಯತೆ ಅವರಲ್ಲಿತ್ತು. 'ಗೊಟ್ಟಿಗೆರೆ ನಾಮಕರಣ ಫೈನಲ್', 'ಫೈನಲ್ ಎರಡು', 'ಇದೇ ಫೈನಲ್', 'ದೇವರಾಣೆ ಫೈನಲ್' ಎಂದು ನಾನಿಟ್ಟ ಹೆಸರುಗಳನ್ನು ಅವರು ಎಂದೂ ಪ್ರಶ್ನಿಸಲಿಲ್ಲ, ನಗಲೂ ಇಲ್ಲ.

ಹೀಗಿರುವಾಗ ಎರಡು ತಿಂಗಳ ಹಿಂದೆ ಪರದೆಯ ಕೆಳಮೂಲೆಯಲ್ಲಿ ತಾವು ಪ್ರತ್ಯಕ್ಷರಾಗಿ, 'ಈಗಲೇ ನವೀಕರಿಸಿ', 'ಆಮೇಲೆ ನೆನಪಿಸಿ' ಎಂಬ ಎರಡು ಗುಂಡಿಗಳನ್ನು ಮುಂದೆ ಹಿಡಿದಿರಿ. 'ಬೇಡ' ಎಂಬ ಗುಂಡಿಯೇ ಅಲ್ಲಿರಲಿಲ್ಲ. ಮದುವೆ ಪಂಕ್ತಿಯಲ್ಲಿ ಪಾಯಸದ ಬಕೆಟ್ಟು ಹಿಡಿದು ನಿಲ್ಲುವವರ ಉಪಚಾರ ತಮ್ಮದು. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಸುರಿಯುತ್ತೀರಿ. ಹದಿನೇಳು ದಿನ ನೆನಪಿಸಿಕೊಂಡೆ, ಹದಿನೆಂಟನೆಯ ದಿನ ಒತ್ತಿಬಿಟ್ಟೆ. ಆರಕ್ಕೆ ವಿದಾಯ, ಒಂಬತ್ತಕ್ಕೆ ಆದಾಯ ಎಂದು ಆಗ ಒಂದು ಪ್ರಾಸವನ್ನೂ ಕಟ್ಟಿದ್ದೆ. ಅದರ ಎರಡನೆಯ ಭಾಗ ಈಗ ಹೊಂದುವುದಿಲ್ಲವಾದ್ದರಿಂದ ಹಿಂದಕ್ಕೆ ಪಡೆದಿದ್ದೇನೆ.

ತಾವು ಬಂದವರೇ ನನ್ನ ಹನ್ನೊಂದು ವರ್ಷದ ಫೋಟೊಗಳನ್ನೆಲ್ಲ ಮುಖದ ಪ್ರಕಾರ ವಿಂಗಡಿಸಲು ಕೂತಿರಿ. ಎಂಥ ಶ್ರದ್ಧೆ! ವರಮಹಾಲಕ್ಷ್ಮಿ ಹಬ್ಬದ ಕಳಶಕ್ಕೆ ಕಣ್ಣು ಮೂಗು ಬರೆದು ಕೂರಿಸಿದ ತೆಂಗಿನಕಾಯಿಯೊಂದನ್ನು ತೋರಿಸಿ, 'ಈ ವ್ಯಕ್ತಿ ನಲವತ್ತಾರು ಫೋಟೊಗಳಲ್ಲಿದ್ದಾರೆ, ಇವರ ಹೆಸರೇನು?' ಎಂದು ವಿನಯದಿಂದ ವಿಚಾರಿಸಿದಿರಿ. ನನ್ನ ಸ್ವಂತ ಷಡ್ಡಕನನ್ನು 'ಮುಖವಲ್ಲ' ಎಂದು ತೀರ್ಮಾನಿಸಿ ಪಕ್ಕಕ್ಕಿಟ್ಟಿರಿ. ಈ ಎರಡನೆಯ ವಿಷಯದಲ್ಲಿ ಸೌಮ್ಯಳಿಗೆ ತಿಳಿಯದಂತೆ ತಮಗೊಂದು ಅಭಿನಂದನೆ.

ಎಲ್ಲಕ್ಕಿಂತ ನನ್ನ ಮನಸ್ಸು ತುಂಬಿ ಬಂದದ್ದು ತಾವು ಕನ್ನಡ ಮಾತಾಡಿದಾಗ. ಒಂದನೆಯ ತರಗತಿಯಿಂದ ಬಿ.ಎ.ವರೆಗೆ ಕನ್ನಡದಲ್ಲೇ ಓದಿದ ನಾನು, ಆರನೆಯವರ ಇಂಗ್ಲಿಷ್ ಗುಂಡಿಗಳನ್ನು ಬಣ್ಣ ನೋಡಿ ಗುರುತಿಟ್ಟುಕೊಂಡು ಒತ್ತಿದವನು. ತಮ್ಮಲ್ಲಿ ಗುಂಡಿಗುಂಡಿಯೂ ಕನ್ನಡ! ಅದರಲ್ಲೊಂದು: 'ಕಲೆ ತೆಗೆಯಿರಿ'. ನಮ್ಮ ಕಸುಬಿನಲ್ಲಿ ಫೋಟೊ ತೆಗೆಯುತ್ತೇವೆ, ಸಂಗೀತದವರು ರಾಗ ತೆಗೆಯುತ್ತಾರೆ. ಹಾಗೆಯೇ ಅಡಗಿರುವ ಕಲೆಯನ್ನು ಹೊರತೆಗೆಯುವ ಗುಂಡಿಯಿದು ಎಂದುಕೊಂಡು, ಕಲೆಗಿಂಥ ನೆಲೆ ಸಿಕ್ಕಿತಲ್ಲ ಎಂದು ಹಿಗ್ಗಿದೆ. ಆ ಕಲೆ ಕೋಟಿಗೆ ಬಿದ್ದ ಶಾಯಿಯ ಕಲೆ, ಮುಖದ ಮೇಲಿನ ಮೊಡವೆಯ ಕಲೆ ಎಂಬುದು ಗೊತ್ತಾಗುವಷ್ಟರಲ್ಲಿ ತಾವು ಗೊಟ್ಟಿಗೆರೆಯನ್ನು ತಲುಪಿಯಾಗಿತ್ತು.

ಗೊಟ್ಟಿಗೆರೆಯ ಬೋರಣ್ಣನವರನ್ನು ತಾವು ಬಲ್ಲಿರಿ. 'ವ್ಯಕ್ತಿ ಹನ್ನೆರಡು' ಎಂದು ತಾವೇ ಹೆಸರಿಟ್ಟಿದ್ದೀರಿ. ಒಂದು ಕಾಲಕ್ಕೆ ಕೆರೆಯ ಪಕ್ಕ ಕೊತ್ತಂಬರಿ, ದಂಟು ಬೆಳೆಯುತ್ತಿದ್ದವರು. ಈಗ ಅದೇ ಜಾಗದಲ್ಲಿ ಮೂರಂತಸ್ತಿನ ಪೀಜಿ ಬೆಳೆದಿದೆ, ಅದಕ್ಕೆ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಅವರ ಮೂರು ತಲೆಮಾರಿನ ಫೋಟೊ ತೆಗೆದವನು ನಾನು. ಯುಗಾದಿ ಕಳೆದ ಮೇಲೆ ಅವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಆ ಐದು ದಿನ ಅವರ ಹೆಂಡತಿ ಲಕ್ಷ್ಮಮ್ಮನವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಕಳೆದರು. ಗಂಡ ನಡೆದುಕೊಂಡು ಮನೆಗೆ ಬಂದ ಮೇಲೆ ಅವರೇ ಹಟ ಹಿಡಿದು ಅರವತ್ತರ ಶಾಂತಿ ಮಾಡಿಸಿದರು. ಆ ದಿನ ಅವರ ಹಣೆಯ ಮೇಲೆ ಕಾಸಗಲದ ಕುಂಕುಮ. "ಸಾರ್, ಇದ್ ಚೆನ್ನಾಗ್ ಬರ್ಲಿ" ಎಂದು ಬೆರಳಿಟ್ಟು ತೋರಿಸಿಯೇ ಕ್ಯಾಮೆರಾದ ಮುಂದೆ ಕೂತಿದ್ದರು.

ನಾನೂರ ಹನ್ನೆರಡು ಫೋಟೊ. ಆರನೆಯವರಾಗಿದ್ದರೆ ನಾಲ್ಕು ದಿನದ ಕೆಲಸ. ತಾವು ಹನ್ನೊಂದು ನಿಮಿಷದಲ್ಲಿ ತಿದ್ದಿ, ಪುಟ ಕಟ್ಟಿ, 'ನೇರ ಮುದ್ರಣಕ್ಕೆ' ಎಂಬ ತಮ್ಮ ಇನ್ನೊಂದು ಗುಂಡಿಯ ಕೃಪೆಯಿಂದ ಲ್ಯಾಬಿಗೂ ಕಳಿಸಿದಿರಿ. ಲ್ಯಾಬಿನವರು ಆಲ್ಬಮ್ಮನ್ನು ಸೀದಾ ಗೊಟ್ಟಿಗೆರೆಗೆ ಮುಟ್ಟಿಸಿದರು. ಭಾನುವಾರ ಊಟವಾದ ಮೇಲೆ ನೆಂಟರೆಲ್ಲ ಹಾಲಿನಲ್ಲಿ ಕೂತು ಮೊದಲ ಪುಟ ತೆರೆದರು.

ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ಲಕ್ಷ್ಮಮ್ಮನವರ ಕುಂಕುಮವನ್ನು ಪ್ರತಿ ಪುಟದಲ್ಲೂ ಬೇರುಸಹಿತ ಅಳಿಸಿದ್ದಿರಿ. ಮೊಮ್ಮಗನ ಕೆನ್ನೆಯ ದೃಷ್ಟಿಬೊಟ್ಟು ನಾಪತ್ತೆ. ಇನ್ನು ಆ ಮಗುವಿಗೆ ಯಾರ ಕಣ್ಣು ಬೇಕಾದರೂ ಧಾರಾಳವಾಗಿ ಬೀಳಬಹುದು. ಲಕ್ಷ್ಮಮ್ಮನವರ ಅಕ್ಕ ಅಂಕಮ್ಮನವರಿಗೆ ಎಳೆತನದಲ್ಲಿ ನಾಲ್ಕು ಜನ ಹಿಡಿದುಕೊಂಡು ಹಾಕಿಸಿದ್ದ ಹಣೆಯ ಹಚ್ಚೆ, ಸೋಪಿಗೂ ವಯಸ್ಸಿಗೂ ಜಗ್ಗದ ಹಚ್ಚೆ, ತಮ್ಮ ಒಂದು ಸ್ಪರ್ಶಕ್ಕೆ ಮಾಯ. ಆದರೆ ಬೋರಣ್ಣನವರ ಭಾಮೈದನ ಬಿಳಿ ಪಂಚೆಯ ಮೇಲೆ ಅಂಗೈಯಗಲ ಬಿದ್ದಿದ್ದ ಸಾಂಬಾರನ್ನು ಮಾತ್ರ ತಾವು ಮುಟ್ಟಲಿಲ್ಲ. ಅಂಚಿನ ವಿನ್ಯಾಸವೆಂದು ಭಾವಿಸಿ, ಬಣ್ಣವನ್ನು ಇನ್ನಷ್ಟು ಗಾಢವಾಗಿಸಿದ್ದಿರಿ. ಕಲೆಯ ಬಗೆಗಿನ ತಮ್ಮ ನಿಲುವು ಇದರಿಂದ ಸ್ಪಷ್ಟವಾಯಿತು.

ಸಂಜೆ ಫೋನು ಬಂತು. "ಶಿವರಾಮ್ ಸಾರ್, ನಾನು ಬೋರಣ್ಣ. ಇನ್ನೂ ಇದೀನಿ." ನಾನು ಏನೋ ತೊದಲಿದೆ. "ಅಲ್ಲಾ ಸಾರ್, ನನ್ ಅರವತ್ತಕ್ಕೆ ಫೋಟೊ ತೆಗೀರಿ ಅಂದ್ರೆ ನನ್ ತಿಥೀದು ಅಡ್ವಾನ್ಸಾಗಿ ತೆಗ್ದಿದೀರಲ್ಲ!" ಎಂದು ಗಟ್ಟಿಯಾಗಿ ನಕ್ಕರು. ಹಿಂದುಗಡೆ ಬೇರೆ ಯಾರ ನಗುವೂ ಕೇಳಲಿಲ್ಲ.

ಇದರಿಂದ ನೊಂದು ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳನ್ನು ಇಡಲು ಹೊರಟೆ. ಇನ್ನು ಮುಂದೆ ಯಾವ ಹೆಣ್ಣುಮಗಳ ಹಣೆಗೆ ಕೈ ಹಾಕುವ ಮುನ್ನವೂ 'ಇವರ ಯಜಮಾನರು ಇದ್ದಾರೆಯೇ?' ಎಂದು ಕೇಳಿ, 'ಇದ್ದಾರೆ', 'ಇಲ್ಲ', 'ಆಮೇಲೆ ನೆನಪಿಸಿ' ಎಂದು ಮೂರು ಗುಂಡಿ ಕೊಡಬೇಕೆಂದು ಬರೆದಿದ್ದೆ. ಭುಜದ ಮೇಲಿಂದ ಓದಿದ ಸೌಮ್ಯ, "ಗಂಡ ಇದ್ರೂ ಇಲ್ದಿದ್ರೂ ಹಣೆ ಅವ್ರದು ಕಣ್ರೀ. ಅವ್ನಿಗ್ಯಾಕೆ ಆ ಲೆಕ್ಕ?" ಎಂದಳು. ಆದ್ದರಿಂದ ಆ ಕೋರಿಕೆಯನ್ನು ಹೊಡೆದುಹಾಕಿದ್ದೇನೆ. ಅದರ ಬದಲು ತಾವು ಖುದ್ದಾಗಿ ಬಿ.ಟಿ.ಎಂ. ಲೇಔಟಿನ ಸ್ಟಾಪಿನಲ್ಲಿ ಬಸ್ಸು ಹತ್ತಿ, ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತು, ಗೊಟ್ಟಿಗೆರೆಯಲ್ಲಿಳಿದು ಲಕ್ಷ್ಮಮ್ಮನವರ ಎದುರು ಕೈಮುಗಿದು ನಿಂತರೆ ಸಾಕು. ಕೈಗಳಿಲ್ಲವೆಂಬ ನೆಪ ಬೇಡ. ನಾನೂರ ಹನ್ನೆರಡು ಹಣೆ ಒರೆಸುವಾಗ ಇದ್ದವಲ್ಲ.

ತಾವು ಬರಲಿಲ್ಲವಾಗಿ, ಕಳೆದ ಬುಧವಾರ ನಾನೇ ಹೋದೆ. ಲಕ್ಷ್ಮಮ್ಮನವರು ಆಲ್ಬಮ್ಮನ್ನು ತಂದು ಮುಂದಿಟ್ಟರು. ಅದು ಮುಚ್ಚಿಕೊಳ್ಳಲಾರದೆ ಉಬ್ಬಿತ್ತು. ಮೊದಲು ಕುಂಕುಮದ ಭರಣಿ ಹಿಡಿದು ಪ್ರತಿ ಪುಟದಲ್ಲೂ ತಮ್ಮ ಹಣೆಗೆ ತಾವೇ ಇಡಲು ನೋಡಿದರಂತೆ; ಲ್ಯಾಮಿನೇಷನ್ನಿನ ಮೇಲೆ ಅದು ನಿಲ್ಲದೆ ಜಾರಿ ಸೀರೆಯ ಮೇಲೆಲ್ಲ ಬಿತ್ತಂತೆ. ಆಮೇಲೆ ಅಂಗಡಿಯಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆಗಳನ್ನು ತರಿಸಿ, ಕನ್ನಡಕ ಹಾಕಿಕೊಂಡು, ಗ್ರೂಪ್ ಫೋಟೊದ ಸಾಸಿವೆಯಷ್ಟು ಮುಖವನ್ನೂ ಬಿಡದೆ ಒಂದೊಂದಾಗಿ ಅಂಟಿಸಿದ್ದಾರೆ. ಕೆಲವು ಕಡೆ ಬೊಟ್ಟು ಮುಖಕ್ಕಿಂತ ದೊಡ್ಡದಾಗಿ, ಬೋರಣ್ಣನವರು ಕೆಂಪು ಗುಂಡಿಯೊಂದರ ಜೊತೆ ಹಾರ ಬದಲಾಯಿಸಿಕೊಳ್ಳುತ್ತಿದ್ದಾರೆ. ಹೊಸ ಆಲ್ಬಂ ಮಾಡಿಕೊಡುತ್ತೇನೆಂದರೆ ಬೇಡವೆಂದರು. "ಅಂಟ್ಸಿದ್ದನ್ನ ಮತ್ತೆ ಕೀಳ್ಬಾರ್ದು ಸಾರ್" ಎಂದರು.

ಆಮೇಲೆ ಕೇಳಿದರು: "ಕಳ್ಸೋಕ್ ಮುಂಚೆ ನೀವ್ ಒಂದ್ಸಲ ನೋಡಿದ್ರಾ ಸಾರ್?"

"ನೋಡಿದ್ದೆ ಮೇಡಂ," ಎಂದೆ. "ನನ್ ಸ್ಕ್ರೀನಲ್ಲಿ ಕುಂಕುಮ ಇತ್ತು."

ಅವರು ಕಾಫಿ ಕೊಟ್ಟರು. ಚಕ್ಕುಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡೆ. ನಿನ್ನೆ ಬೋರಣ್ಣನವರು ಮತ್ತೆ ಫೋನು ಮಾಡಿದರು. ಈ ಸಲ ನಗಲಿಲ್ಲ. "ಏನ್ ಹೇಳ್ಬುಟ್ ಹೋದ್ರಿ ಸಾರ್ ನೀವು? ಸ್ಕ್ರೀನಲ್ಲಿ ಇದ್ದಿದ್ದು ತಾನಾಗೇ ಹೋಯ್ತು ಅಂದ್ರೆ ದೇವ್ರೇ ಏನೋ ತೋರಿಸ್ತಾವ್ನೆ ಅಂತ ಹಿಡ್ಕೊಂಡವ್ಳೆ. ನನ್ ಗಾಡಿ ಕೀ ಎತ್ತಿಟ್ಟವ್ಳೆ, ಕೆರೆ ಕಡೆ ವಾಕಿಂಗ್‌ಗೂ ಬಿಡ್ತಿಲ್ಲ. ಅದ್ ಹಾಳಾಗ್ ಹೋಗ್ಲಿ, ವಾರಕ್ ಮೂರ್ ದಿನ ಉಪವಾಸ ಹಿಡಿದವ್ಳೆ. ಶುಗರ್ ಐತೆ ಸಾರ್ ಅವ್ಳಿಗೆ. ಮೊನ್ನೆ ಅಡುಗೆ ಮನೇಲಿ ತಲೆ ಸುತ್ತಿ ಕೂತ್‌ಬುಟ್ಳು."

ಆದಕಾರಣ ಮಾನ್ಯರೇ, ಉಳಿದ ಕೋರಿಕೆಗಳನ್ನೆಲ್ಲ ಕೈಬಿಟ್ಟು ಒಂದೇ ಒಂದನ್ನು ಉಳಿಸಿಕೊಂಡಿದ್ದೇನೆ: ಕುಂಕುಮವನ್ನು ಅಳಿಸಿದ್ದು ತಾವೇ, ಅದರಲ್ಲಿ ಯಾವ ದೈವದ ಕೈವಾಡವೂ ಇಲ್ಲ ಎಂದು ತಮ್ಮ ಮೊಹರು ಒತ್ತಿದ ಪ್ರಮಾಣಪತ್ರವೊಂದನ್ನು ದಯಪಾಲಿಸಬೇಕು. ತಮ್ಮ ಸಹಾಯ ಕೇಂದ್ರಕ್ಕೆ ಇದನ್ನು ನಿನ್ನೆಯೇ ಬರೆದೆ. 'ನಿಮ್ಮ ಸಮಸ್ಯೆ ನಮಗೆ ಅರ್ಥವಾಗಿದೆ, ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಾಕಿ' ಎಂಬ ಉತ್ತರ ಬಂತು. ಹಾಗೆಯೇ ಮಾಡಿದೆ. ಲಕ್ಷ್ಮಮ್ಮನವರು ಉಪವಾಸ ಬಿಟ್ಟ ಸುದ್ದಿ ಇನ್ನೂ ಬಂದಿಲ್ಲ.

ತಮ್ಮ ಘನತೆ ಹೀಗೆಯೇ ಹೆಚ್ಚಲಿ, ತಮ್ಮ ಗುಂಡಿಗಳು ಹೀಗೆಯೇ ಹೊಳೆಯಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ
(ವಿಶ್ವಾಸವೂ 'ಈಗಲೇ ನವೀಕರಿಸಿ'ಗೆ ಕಾದಿದೆ)
ಶಿವರಾಮ್
ಹೇಮಶ್ರೀ ಸ್ಟುಡಿಯೋ, ಸುದ್ದಗುಂಟೆಪಾಳ್ಯ

ಬರೆಯಲು ಬಿಟ್ಟುಹೋದದ್ದು: ಈ ಪತ್ರವನ್ನು ತಮ್ಮದೇ ಕಂಪ್ಯೂಟರಿನ ಮುಂದೆ ಕೂತು ಬರೆಯುತ್ತಿರುವಾಗ ತಾವು ನಡುವೆ ಬಂದು, 'ನಮ್ಮೊಂದಿಗಿನ ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ?' ಎಂದು ಕೇಳಿದಿರಿ. ಹಗಲಿನಲ್ಲಿ ನಕ್ಷತ್ರ ತೋರಿಸಿದವರು ತಾವು. ಎಷ್ಟೆಂದು ತಮಗೇ ಗೊತ್ತಿರಬೇಕು. ಈ ಪತ್ರಿಕೆ ಗೊಟ್ಟಿಗೆರೆಗೂ ಹೋಗುತ್ತದೆ, ಬೋರಣ್ಣನವರು ಜಗುಲಿಯಲ್ಲಿ ಕೂತು ಓದುತ್ತಾರೆ ಎಂಬುದು ಮಾತ್ರ ತಮಗೆ ಗೊತ್ತಿರಲಾರದು. ಬೋರಣ್ಣನವರೇ, ಇಲ್ಲಿಂದ ಮುಂದೆ ಸ್ವಲ್ಪ ಜೋರಾಗಿ, ಅಡುಗೆ ಮನೆಗೆ ಕೇಳುವಂತೆ ಓದಿ.

ಲಕ್ಷ್ಮಮ್ಮನವರೇ, ನಾನು ನೋಡಿರಲಿಲ್ಲ. ನಾನೂರ ಹನ್ನೆರಡರಲ್ಲಿ ಒಂದನ್ನೂ ನೋಡದೆ ಕಳಿಸಿದೆ. ಸ್ಕ್ರೀನಿನಲ್ಲಿ ಕುಂಕುಮ ಇತ್ತೆಂದು ಹೇಳಿದ್ದು ಸುಳ್ಳು. ದಯವಿಟ್ಟು ಊಟ ಮಾಡಿ.